ವಾರ್ನ್ಯಾದಲ್ಲಿ ಎಣಿಕೆ

ಆಗಸ್ಟಿನ ಮೊದಲ ವಾರ, ರಾತ್ರಿ ಹತ್ತೂವರೆ.
ಬೆಳಕು ಇನ್ನೂ ಪೂರ್ತಿ ಹೋಗಿಲ್ಲ;
ಏಳುವ ಮನಸ್ಸಿಲ್ಲದ ನೆಂಟರ ಹಾಗೆ
ಪೈಪ್ಸಿ ಸರೋವರದ ಆಚೆ ದಡದಲ್ಲಿ
ತನ್ನ ಚಪ್ಪಲಿ ಹುಡುಕುತ್ತಿದೆ.

ನನಗೆ ಎರಡು ಕೆಲಸ. ಬಾಟಲಿಗೆ ನೀರು ತುಂಬುವುದು,
ಕಿವಿಗೆ ಯಂತ್ರ ಹಚ್ಚಿಕೊಂಡು ಕಣ್ಕಪ್ಪಡಿ ಎಣಿಸುವುದು.
ತಾರ್ತುವಿನ ಕಚೇರಿ ಎರಡಕ್ಕೂ ಸೇರಿಸಿ
ಒಂದೇ ಸಂಬಳ ಕೊಡುತ್ತದೆ.
ಪುಸ್ತಕದ ಎಡಪುಟ ಹಾರುವುದಕ್ಕೆ,
ಬಲಪುಟ ತೇಲುವುದಕ್ಕೆ.

ಈರುಳ್ಳಿ ಮಡಿಯ ನಡುವಿನಿಂದ ಫೆವ್ರೋನ್ಯಾ ಕೂಗುತ್ತಾಳೆ:
"ಲೆಹ್ಟೆ, ಈ ಸಲ ಯಾವುದಮ್ಮಾ ಹೆಚ್ಚು?"
ಅವಳ ನಾಯಿಯನ್ನು ಗೇಟಿಗೆ ಕಟ್ಟಿ ಒಂಬತ್ತು ದಿನ.
ಬಿಟ್ಟರೆ ನೇರ ನೀರಿಗೆ ಬಾಯಿ ಹಾಕೀತು.
ಹೋದ ವರ್ಷ ಜಿನೋವಿಯ ಕರು ಹೀಗೇ ಕುಡಿದು
ಮರುದಿನ ಏಳಲಿಲ್ಲ.

ಪಾಚಿ ಎನ್ನುತ್ತಾರೆ ಎಲ್ಲರೂ. ಪಾಚಿಯಲ್ಲ ಅದು.
ಪಾಚಿಗಳು ಹುಟ್ಟುವ ಮೊದಲೇ ಮುದಿಯಾದದ್ದು.
ರವೆಯ ಕಾಳಿನಷ್ಟು ಹಸಿರು ಗುಂಡು,
ಗುಂಡಿನೊಳಗೆ ನೂರಾರು ಎಳೆ, ಎಳೆಯೊಳಗೆ ಗಾಳಿಯ ಚೀಲ.
ಹಸಿದಾಗ ಬಿಸಿಲಿಗೆ ಏಳುತ್ತದೆ,
ಉಂಡು ಭಾರವಾದಾಗ ಮುಳುಗುತ್ತದೆ.
ಇಷ್ಟೇ ಅದರ ಹಾರಾಟ, ರೆಕ್ಕೆಯ ಖರ್ಚಿಲ್ಲ.
ಇವತ್ತಿನವರೆಗೆ ಯಾರನ್ನೂ ಬೇಟೆಯಾಡಿಲ್ಲ.
ಆದರೂ ಆ ಕರು.

ಕಣ್ಕಪ್ಪಡಿಯೋ ರಾತ್ರಿಯಿಡೀ ಕೊಲ್ಲುತ್ತದೆ,
ಯಾರೂ ಕೊಲೆಗಾರ ಎನ್ನುವುದಿಲ್ಲ.
ಒಂದು ಯೂರೋ ನಾಣ್ಯದ ತೂಕ,
ಅದರಲ್ಲೇ ಹಲ್ಲು, ಹಾಲು, ಗಾಬರಿ, ಎರಡು ದೊಡ್ಡ ಪಾದ.
ಆರಿದ ಹಾಲಿನ ಕೆನೆ ತೆಗೆದ ಹಾಗೆ
ನೀರ ಮೇಲಿಂದ ನುಸಿ ಎತ್ತಿಕೊಂಡು ಹೋಗುತ್ತದೆ, ತಿರುಗುತ್ತದೆ,
ಮತ್ತೆ ಬರುತ್ತದೆ. ನನ್ನ ಕಿವಿಯಲ್ಲಿ
ಒಣ ಅವರೆಕಾಳು ಮೊರದಲ್ಲಿ ಉರುಳಿದ ಸದ್ದು.
ಕೂಗಿ, ಕೂಗಿದ್ದನ್ನೇ ಮರಳಿ ಕೇಳಿ,
ಓ ಇದೆ, ಜಗತ್ತು ಇನ್ನೂ ಇದೆ ಎಂದುಕೊಳ್ಳುತ್ತದೆ
ಸೆಕೆಂಡಿಗೆ ಹತ್ತು ಸಲ.

ನೀರಿನದು ಯಾವತ್ತೂ ಕೇಳಲಿಲ್ಲ, ಜಗತ್ತು ಇದೆಯೇ ಅಂತ.
ಕಣ್ಕಪ್ಪಡಿ ಕೂಗುವ ಮೊದಲು ಎಳೆದುಕೊಳ್ಳುವ ಉಸಿರಿದೆಯಲ್ಲ,
ಅದು ಈ ಹಸಿರು ಮುದುಕಿಯರಿಂದ ತಂದ ಕೈಗಡ.
ಪತ್ರವಿಲ್ಲ, ಸಾಕ್ಷಿಯಿಲ್ಲ.
ಕೊಟ್ಟವರಿಗೆ ನೆನಪಿಲ್ಲ, ತಂದವರಿಗೆ ಗೊತ್ತಿಲ್ಲ.

ಫೆವ್ರೋನ್ಯಾಳ ಅಟ್ಟ ನೋಡಿದ್ದೇನೆ.
ಜಡೆ ಹೆಣೆದ ಈರುಳ್ಳಿ ತಲೆಕೆಳಗಾಗಿ ಸಾಲಾಗಿ,
ಅವುಗಳ ಹಿಂದೆ ತೊಲೆಯ ಬಿರುಕಿನಲ್ಲಿ ತಾಯಂದಿರು,
ತಾಯಿಗೊಂದೇ ಮರಿ, ವರ್ಷಕ್ಕೊಂದೇ.
ಒಂದು ಬಿದ್ದರೆ ಒಂದು ವರ್ಷ ಬಿದ್ದ ಹಾಗೆ.
ಹಿಂದೊಮ್ಮೆ ಬಿದ್ದದ್ದನ್ನು ಅವಳು
ಈರುಳ್ಳಿ ಸಿಪ್ಪೆಯಲ್ಲಿ ಸುತ್ತಿ ಹೂತಳು,
ಶಿಲುಬೆ ಹಾಕಿಕೊಂಡಳು ಎರಡು ಬೆರಳಿನಿಂದ,
ಅವರ ಹಳೆಯ ಪದ್ಧತಿಯಂತೆ.
ನೀರಿನಲ್ಲಿ ಸತ್ತವರಿಗೆ ಯಾರು ಅಳಬೇಕು?
ಅಲ್ಲಿ ಹೆರುವುದೆಂದರೆ ತಾನೇ ಸೀಳಿಕೊಳ್ಳುವುದು.
ತಾಯಿ ಯಾವ ತುಂಡು, ಮಗಳು ಯಾವ ತುಂಡು?

ಚಳಿಗಾಲಕ್ಕೆ ಮಾತ್ರ ಇಬ್ಬರದೂ ಒಂದೇ ಉಪಾಯ:
ಕಡಿಮೆ ಬದುಕುವುದು.
ಪಿಯೂಸಾದ ಮರಳು ಗುಹೆಯಲ್ಲಿ ಒಂದು,
ಎದೆಬಡಿತವನ್ನು ಪುಡಿಗಾಸಿನಂತೆ ಎಣಿಸಿ ಖರ್ಚು ಮಾಡುತ್ತ;
ಇಲ್ಲೇ ಮಂಜುಗಡ್ಡೆಯ ಅಡಿ ಕೆಸರಿನಲ್ಲಿ ಇನ್ನೊಂದು,
ಸಿಪ್ಪೆ ದಪ್ಪ ಮಾಡಿಕೊಂಡು, ಬೀಜವಾಗಿ.
ಮೇಲೆ ಜಿನೋವಿ ರಂಧ್ರ ಕೊರೆದು
ಮೀನಿಗೆ ಗಾಳ ಬಿಟ್ಟು ಕೂತಿರುತ್ತಾನೆ.

ಈಗ, ಹತ್ತು ಐವತ್ತಕ್ಕೆ, ಒಂದು ಕಣ್ಕಪ್ಪಡಿ
ನುಸಿಗಾಗಿ ಅಲ್ಲ, ಬಾಯಾರಿ ಇಳಿಯಿತು.
ಹಸಿರು ಕೆನೆಯಲ್ಲಿ ಒಂದು ಗೇಣು ಕಪ್ಪು ಗೀರು,
ಗಲ್ಲದಲ್ಲಿ ಒಂದು ಹನಿ, ಎದ್ದೇ ಹೋಯಿತು.
ಗೀರು ನಿಧಾನ ಮುಚ್ಚಿಕೊಂಡಿತು.

ಗುಟುಕಿಗೆ ನನ್ನ ಪುಸ್ತಕದಲ್ಲಿ ಜಾಗವಿಲ್ಲ.
ಪೆನ್ನು ಹಿಡಿದು ನಿಂತೆ. ಯಂತ್ರದಲ್ಲಿ
ಅದೇ ಸದ್ದೋ, ಬೇರೆಯದರದೋ, ಉರುಳಿ ದೂರವಾಯಿತು.

"ಹೇಳಲೇ ಇಲ್ಲ ನೀನು," ಎಂದಳು ಫೆವ್ರೋನ್ಯಾ, ಬೇಲಿಯ ಹತ್ತಿರ ಬಂದು.
ಇನ್ನೂ ಎಣಿಸುತ್ತಿದ್ದೇನೆ ಎಂದೆ.
"ಹಾಗಾದರೆ ನಾಯಿಯನ್ನು ಬಿಡುವ ಹಾಗಿಲ್ಲ,"
ಎಂದು, ಸಮೋವರಿನಲ್ಲಿ ಕಾಯಿಸಿ ಆರಿಸಿದ ನೀರನ್ನು
ಅಲ್ಯೂಮಿನಿಯಂ ಬಟ್ಟಲಿಗೆ ಸುರಿದಳು.
ನಾಯಿ ಮೂಸಿತು, ಸರೋವರದ ಕಡೆ ನೋಡಿತು,
ಆಮೇಲೆ ಕುಡಿಯಿತು.